ರೋಡ್‌ಕಿಂಗನ್ನು ಇವತ್ತು ಹೊಸದಾಗಿ ಮಾಡಬೇಕಾದರೆ ಏನು ಉಳಿಸಬೇಕು, ಏನು ಬಿಸಾಡಬೇಕು?

ಯಾದವಗಿರಿ ಹುಡುಗ
ಎಲ್ಲರಿಗೂ ನಮಸ್ಕಾರ. ನಮ್ಮ ಮನೆಯ ಒಂದು ಜಗಳ ಬಗೆಹರಿಸಿ ಕೊಡಿ.

ಅಪ್ಪನ ಹತ್ತಿರ ಎಂಬತ್ತರ ದಶಕದ, ನಮ್ಮ ಮೈಸೂರಿನಲ್ಲೇ ತಯಾರಾದ ಯೆಜ್ಡಿ ರೋಡ್‌ಕಿಂಗ್ ಬೈಕು ಇದೆ. ಇನ್ನೂ ಓಡುತ್ತಿದೆ. ತಂಗಿಗೆ ಕೆಲಸ ಸಿಕ್ಕಿದೆ, ಹೊಸ ಯೆಜ್ಡಿ ರೋಡ್‌ಸ್ಟರ್ ತೆಗೆದುಕೊಳ್ಳುವ ಆಸೆ. 334 ಸಿಸಿ, 29 ಪಿಎಸ್, 2025ರ ಆಗಸ್ಟಿನಲ್ಲಿ ಬಂದಾಗ ಆರಂಭದ ಬೆಲೆ 2.10 ಲಕ್ಷ ಇತ್ತು. ಅಪ್ಪ ಗಾಡಿಯ ಸುತ್ತ ಒಂದು ರೌಂಡ್ ಹಾಕಿದರು. "ಟ್ಯಾಂಕಿನ ಮೇಲಿನ ಹೆಸರು ಅಳಿಸಿದರೆ ಇದು ಯಾವ ಗಾಡಿ ಅಂತ ಹೇಳೋರು ಯಾರು?" ಅಂದರು. ತಂಗಿ ಬಿಡುತ್ತಾಳಾ? "ನಿಮ್ಮ ಗಾಡಿಯನ್ನೇ ಮತ್ತೆ ಮಾಡಿ ಕೊಟ್ಟರೆ ನೀವು ನೋಡ್ತೀರಿ ಅಷ್ಟೆ, ದುಡ್ಡು ಕೊಡೋದು ನಾನು" ಅಂದಳು.

ನನ್ನ ಪ್ರಶ್ನೆ ಇಷ್ಟೆ. ನಾಳೆ ಯಾರಾದರೂ ನಿಮ್ಮ ಕೈಗೆ ಪೆನ್ಸಿಲ್ ಕೊಟ್ಟು, ಇಪ್ಪತ್ತೆರಡು ವರ್ಷದವರಿಗೆ ರೋಡ್‌ಕಿಂಗ್ ಮಾಡಿ ಅಂದರೆ ಏನು ಮಾಡುತ್ತೀರಿ? ಈಗಿನ ಹೊಗೆ ನಿಯಮದಲ್ಲಿ ಹಳೆಯ ಟೂ ಸ್ಟ್ರೋಕ್ ಎಂಜಿನ್ ಬರೋದಿಲ್ಲ, ಅದು ಗೊತ್ತಿರೋ ವಿಷಯ. ಉಳಿದದ್ದು ಹೇಳಿ.

ಟೂಸ್ಟ್ರೋಕ್ ತಾತ
ಟೂ ಸ್ಟ್ರೋಕ್ ಬರೋದಿಲ್ಲ ಅಂದಮೇಲೆ ಉಳಿದದ್ದು ಏನಿದೆ?

ಕೆಎ09
ಶುರುವಾಯ್ತು.

ಟೂಸ್ಟ್ರೋಕ್ ತಾತ
ನಗಬೇಡಿ. ರೋಡ್‌ಕಿಂಗ್ ಅಂದರೆ ಮೊದಲು ಕಿವಿಗೆ ಬರೋ ಗಾಡಿ. ರಾತ್ರಿ ಅಪ್ಪ ಕೆಲಸ ಮುಗಿಸಿ ಬರುವಾಗ ಬೀದಿಯ ತುದಿಯಲ್ಲೇ ಗೊತ್ತಾಗುತ್ತಿತ್ತು. ಒಂದೇ ಸಿಲಿಂಡರು, ಎರಡು ಸೈಲೆನ್ಸರು. ಆ ಪಟ ಪಟ ಸದ್ದು, ಆಯಿಲ್ ಹೊಗೆಯ ವಾಸನೆ, ತಣ್ಣಗೆ ನಿಂತಾಗ ಒಂದೊಂದು ಏಟು ಬಿಟ್ಟು ಬಿಟ್ಟು ಹೊಡೆಯೋದು. ಇದನ್ನು ಪೆನ್ಸಿಲಿನಲ್ಲಿ ಹೇಗೆ ಬರೆಯುತ್ತೀರಿ?

ಗೆರೆಗಾತಿ
ನಾನು ವಾಹನ ವಿನ್ಯಾಸ ಓದಿದವಳು. ಸ್ವಲ್ಪ ಉದ್ದ ಬರೆಯುತ್ತೇನೆ, ಬೈಯಬೇಡಿ.

ಬಟ್ಟೆ ತೊಡದ ಗಾಡಿಯಲ್ಲಿ, ಅಂದರೆ ಫೇರಿಂಗ್ ಅನ್ನೋ ಪ್ಲಾಸ್ಟಿಕ್ ಹೊದಿಕೆ ಇಲ್ಲದ ಬೈಕಿನಲ್ಲಿ, ಅಡಗಿಸೋಕೆ ಜಾಗ ಇಲ್ಲ. ಫೇರಿಂಗ್ ಇರುವ ಬೈಕಿನಲ್ಲಿ ಪ್ಲಾಸ್ಟಿಕ್ಕೇ ಮುಖ. ಇಲ್ಲಿ ಎಂಜಿನ್ನೇ ಮುಖ. ಹಾಗಾಗಿ ಎಂಜಿನ್ ಬದಲಾದರೆ ಮುಖ ಬದಲಾದಂತೆಯೇ. ಹಳೆ ಎಂಜಿನ್ನು ಗಾಳಿಯಲ್ಲಿ ತಣ್ಣಗಾಗುತ್ತಿತ್ತು. ವಾಲ್ವ್ ಇಲ್ಲ, ವಾಲ್ವ್ ತೆರೆಯೋ ಕ್ಯಾಮ್ ಇಲ್ಲ, ಅದಕ್ಕೆ ತಲೆ ಚಿಕ್ಕದು, ಟ್ಯಾಂಕಿನ ಕೆಳಗೆ ಬೇಕಾದಷ್ಟು ಖಾಲಿ ಜಾಗ. ಅಲ್ಲಿಂದ ಆಚೆ ಬದಿ ಕಾಣುತ್ತಿತ್ತು. ಹೊಸದರಲ್ಲಿ ಫೋರ್ ಸ್ಟ್ರೋಕು, ತಲೆಯಲ್ಲಿ ಎರಡು ಕ್ಯಾಮು, ಮುಂದೆ ರೇಡಿಯೇಟರು, ಅದರ ಪೈಪು, ಪಕ್ಕದಲ್ಲಿ ಬ್ರೇಕ್ ಹಿಡಿದಾಗ ಚಕ್ರ ಜಾರದಂತೆ ತಡೆಯೋ ಎಬಿಎಸ್ ಪೆಟ್ಟಿಗೆ, ಸೈಲೆನ್ಸರಿಗೆ ಹೊಗೆ ಶುದ್ಧ ಮಾಡೋ ಕ್ಯಾಟಲಿಟಿಕ್ ಕನ್ವರ್ಟರು. ಆ ಖಾಲಿ ಜಾಗ ಎಲ್ಲಾ ತುಂಬಿಹೋಯಿತು. ನಿಮ್ಮ ತಂದೆಯವರಿಗೆ "ಇದು ಅದಲ್ಲ" ಅನ್ನಿಸಿದ್ದು ಟ್ಯಾಂಕಿನ ಆಕಾರದಿಂದ ಅಲ್ಲ, ಈ ತುಂಬಿದ ಹೊಟ್ಟೆಯಿಂದ ಅಂತ ನನ್ನ ಅಂದಾಜು.

ಮಾಡೋಕೆ ಆಗದ ಕೆಲಸ ಅಲ್ಲ. 2018ರ ನವೆಂಬರಿನಲ್ಲಿ ಬಂದ, ಇದೇ ಕಂಪನಿಯ ಹೊಸ ಜಾವಾದಲ್ಲಿ ರೇಡಿಯೇಟರನ್ನು ಫ್ರೇಮಿನ ಮುಂದಿನ ಕೊಳವೆಗಳ ಮಧ್ಯೆ ಸಣ್ಣದಾಗಿ ಕೂರಿಸಿ, ಎಂಜಿನ್ ಕವಚಕ್ಕೆ ಹಳೆಯದರ ದುಂಡು ಕೊಟ್ಟರು. ಒಂದು ಸಿಲಿಂಡರಿಗೆ ಎರಡು ಸೈಲೆನ್ಸರನ್ನೂ ಇಟ್ಟರು. ಪಕ್ಕದಿಂದ ನೋಡಿದರೆ ಥಟ್ಟನೆ ಜಾವಾ ಅನ್ನಿಸುತ್ತದೆ. ರೋಡ್‌ಸ್ಟರಿನಲ್ಲಿ ಆ ಕಡೆ ಗಮನ ಕಡಿಮೆ.

ಗ್ಯಾರೇಜ್ ಗಿರಿ
ಮೇಡಂ ಹೇಳಿದ್ದು ಸರಿ. ಆದರೆ ನಾನು ಕೆಳಗೆ ಕೂತು ನೋಡುವವನು. ರೋಡ್‌ಕಿಂಗ್ ಇಷ್ಟು ವರ್ಷ ಬದುಕಿದ್ದು ನೋಟದಿಂದ ಅಲ್ಲ. ತಲೆ ಬಿಚ್ಚಿ, ಕಾರ್ಬನ್ ಕೆರೆದು, ರಿಂಗ್ ಹಾಕಿ, ಪಾಯಿಂಟ್ ಸೆಟ್ ಮಾಡಿ ಸಂಜೆಯೊಳಗೆ ಕೈಗೆ ಕೊಡಬಹುದು. ಹಳ್ಳಿಯಲ್ಲಿ ಪಂಪ್‌ಸೆಟ್ ರಿಪೇರಿ ಮಾಡುವವನೂ ಸರಿ ಮಾಡುತ್ತಿದ್ದ. ಹೊಸ ಪೀಳಿಗೆಗೆ ಅಂತ ಮಾಡೋದಾದರೆ ಆ ಗುಣ ಉಳಿಸಿ. ಸೈಡ್ ಕವರ್ ತೆಗೆದರೆ ಏರ್ ಫಿಲ್ಟರ್, ಬ್ಯಾಟರಿ, ಫ್ಯೂಸ್ ಮೂರೂ ಕೈಗೆ ಸಿಗಬೇಕು. ಪ್ಲಗ್ ತೆಗೆಯೋಕೆ ಟ್ಯಾಂಕ್ ಇಳಿಸೋ ಹಾಗೆ ಇರಬಾರದು.

ಹಾಸನದವ
ಗಿರಿಯಣ್ಣ, ಇವತ್ತಿನ ಹುಡುಗರು ಪ್ಲಗ್ ತೆಗೆಯುತ್ತಾರಾ? ಟೈರಿಗೆ ಗಾಳಿ ನೋಡೋದಿಲ್ಲ.

ಗ್ಯಾರೇಜ್ ಗಿರಿ
ಆಗಿನ ಹುಡುಗರೂ ಎಲ್ಲಾ ತೆಗೆಯುತ್ತಿರಲಿಲ್ಲ ಕಣಪ್ಪಾ. ಬೇರೆ ದಾರಿ ಇರಲಿಲ್ಲ, ಅದಕ್ಕೆ ಕಲಿತರು.

ಮ್ಯೂನಿಕ್ ಕನ್ನಡಿಗ
ಇದೇ ಜಗಳವನ್ನು ಇಟಲಿಯ ಡುಕಾಟಿ ಕಂಪನಿಯ ಮಾನ್‌ಸ್ಟರ್ ಬೈಕಿನ ವಿಷಯದಲ್ಲಿ ಇಲ್ಲಿ ಕಣ್ಣಾರೆ ನೋಡಿದ್ದೇನೆ. ಬಟ್ಟೆ ತೊಡದ ಗಾಡಿಗಳಿಗೇ ಹೆಸರು ತಂದ ಬೈಕು ಅದು. ಮಿಗೆಲ್ ಗಲೂಝಿ ಎಂಬ ಅರ್ಜೆಂಟೀನಾ ಮೂಲದ ವಿನ್ಯಾಸಕಾರ, ಕಂಪನಿಯ ಗೋಡೌನಿನಲ್ಲಿ ಇದ್ದದ್ದನ್ನೇ ಸೇರಿಸಿ ಮಾಡಿದ್ದು. ಸ್ಪೋರ್ಟ್ಸ್ ಬೈಕಿನ ಫ್ರೇಮು, 900 ಸೂಪರ್‌ಸ್ಪೋರ್ಟಿನ ಎಂಜಿನ್ನು, ಮೇಲೊಂದು ಉಬ್ಬು ಟ್ಯಾಂಕು, ದುಂಡು ದೀಪ. 1992ರಲ್ಲಿ ಜರ್ಮನಿಯ ಕಲೋನ್ ಪ್ರದರ್ಶನದಲ್ಲಿ ತೋರಿಸಿ 1993ರಲ್ಲಿ ಮಾರಾಟಕ್ಕೆ ಬಿಟ್ಟರು. ಕೊಳವೆಗಳ ಜಾಲರಿ ಫ್ರೇಮ್ ಅದರ ಗುರುತು.

2021ರ ಮಾಡೆಲಿನಲ್ಲಿ ಆ ಜಾಲರಿಯನ್ನೇ ಕಿತ್ತುಹಾಕಿದರು! ಬದಲಿಗೆ ಸಣ್ಣ ಅಲ್ಯೂಮಿನಿಯಂ ಫ್ರೇಮ್, ಅದೂ ಎಂಜಿನ್ನಿನ ತಲೆಗೇ ಬಿಗಿದದ್ದು. ಫ್ರೇಮಿನ ತೂಕ 3 ಕೆಜಿ ಅಷ್ಟೆ. ಹಿಂದಿನ ಮಾನ್‌ಸ್ಟರ್ 821ಕ್ಕಿಂತ ಇಡೀ ಗಾಡಿ 18 ಕೆಜಿ ಹಗುರ. ಹಳೆ ಅಭಿಮಾನಿಗಳು ಹುಯಿಲೆಬ್ಬಿಸಿದರು. ಆದರೆ ಓಡಿಸಿ ನೋಡಿದವರು ಹೇಳಿದ್ದು ಬೇರೆ. ಹಗುರ, ಬೇಗ ತಿರುಗುತ್ತದೆ, ಹೊಸಬರಿಗೂ ಹೆದರಿಕೆ ಇಲ್ಲ. ಈಚೆಗೆ ಬಂದ ಹೊಸ 890 ಸಿಸಿ ಎಂಜಿನ್ನಿನಲ್ಲಿ ಸ್ಪ್ರಿಂಗ್ ಇಲ್ಲದೆ ಮುಚ್ಚುವ, ಅವರ ಹೆಮ್ಮೆಯ ಡೆಸ್ಮೊ ವಾಲ್ವೂ ಇಲ್ಲ. ಮಾಮೂಲಿ ಸ್ಪ್ರಿಂಗು.

ನನ್ನ ಮಾತು ಏನೆಂದರೆ, ಗುರುತು ಬೇರೆ, ಗುಣ ಬೇರೆ. ಮಾನ್‌ಸ್ಟರಿನ ಗುಣ "ಬೇಕಾದದ್ದು ಮಾತ್ರ ಇರಲಿ" ಅನ್ನೋದು. ಅದು ಉಳಿಯಿತು, ಜಾಲರಿ ಹೋಯಿತು. ರೋಡ್‌ಕಿಂಗಿನ ಗುಣ ಯಾವುದು ಅಂತ ಮೊದಲು ತೀರ್ಮಾನ ಆಗಲಿ.

ಟೂಸ್ಟ್ರೋಕ್ ತಾತ
ಹತ್ತು ಲಕ್ಷ ದಾಟಿದ ಗಾಡಿ ತಂದು ನಮ್ಮ ರೋಡ್‌ಕಿಂಗ್ ಪಕ್ಕ ನಿಲ್ಲಿಸಿದಿರಲ್ಲ ಸ್ವಾಮಿ.

ಮ್ಯೂನಿಕ್ ಕನ್ನಡಿಗ
ಬೆಲೆ ಬಿಡಿ ತಾತ, ಪ್ರಶ್ನೆ ಒಂದೇ ಅಲ್ವಾ?

ಗೆರೆಗಾತಿ
ಜಾಲರಿ ತೆಗೆದದ್ದಕ್ಕೆ ನನ್ನ ವಿರೋಧ ಇದೆ. ತೂಕಕ್ಕೆ ಅಂತ ತೆಗೆದರು, ಸರಿ. ಆದರೆ ಅದರ ಜಾಗದಲ್ಲಿ ಕಣ್ಣು ನಿಲ್ಲುವಂಥದ್ದು ಏನನ್ನೂ ಇಡಲಿಲ್ಲ. ದೂರದಿಂದ ನೋಡಿದರೆ ಇನ್ನೊಂದು ಜಪಾನಿ ಬೈಕಿನ ಹಾಗೆ ಕಾಣುತ್ತದೆ. ಗುರುತನ್ನು ಕಳೆಯಬಹುದು, ಬದಲಿಗೆ ಇನ್ನೊಂದು ಕೊಡಬೇಕು.

ಶಿವಮೊಗ್ಗ ಸವಾರ
ಅಷ್ಟು ದೂರ ಯಾಕೆ ಹೋಗಬೇಕು? ರಾಯಲ್ ಎನ್‌ಫೀಲ್ಡ್ ಕ್ಲಾಸಿಕ್ 350 ನೋಡಿ. 2021ರಲ್ಲಿ ಎಂಜಿನ್ನು, ಫ್ರೇಮು ಎರಡನ್ನೂ ಪೂರ್ತಿ ಬದಲಾಯಿಸಿದರು. 349 ಸಿಸಿ, 20 ಪಿಎಸ್, 27 ನ್ಯೂಟನ್ ಮೀಟರ್. ಪವರ್ ಅಷ್ಟೇನೂ ಏರಿಲ್ಲ. ಆದರೆ ಕೈ ಜುಮ್ ಅನ್ನುವ ನಡುಕ ಹೋಯಿತು. ನಿಂತ ಗಾಡಿ ನೋಡಿದರೆ ಹಳೆಯದು ಯಾವುದು ಹೊಸದು ಯಾವುದು ಅಂತ ಹೇಳೋಕೆ ಎರಡು ಸಲ ನೋಡಬೇಕು. ಇದನ್ನೇ ಮಾಡಬೇಕಿತ್ತು. ಚರ್ಮ ಹಳೆಯದು, ಮೂಳೆ ಹೊಸದು.

ಕೆಎ09
ಬುಲೆಟ್ ಮಾತು ಈ ಥ್ರೆಡ್ಡಿಗೆ ತರಬೇಡಿ, ಮೈಸೂರಿನವರ ಹೊಟ್ಟೆ ಉರಿಯುತ್ತದೆ.

ಹಳೇ ಕಾರ್ಮಿಕನ ಮಗ
ಹೊಟ್ಟೆ ಉರಿಯೋದು ನಿಜ. ನಮ್ಮ ತಂದೆ ಮೈಸೂರಿನ ಯಾದವಗಿರಿಯಲ್ಲಿದ್ದ ಐಡಿಯಲ್ ಜಾವಾ ಫ್ಯಾಕ್ಟರಿಯಲ್ಲಿ ಇದ್ದವರು, ಜಾವಾ, ಯೆಜ್ಡಿ ಆಗುತ್ತಿದ್ದದ್ದು ಅಲ್ಲೇ. ಬುಲೆಟ್ಟಿಗೂ ನಮಗೂ ಇರುವ ವ್ಯತ್ಯಾಸ ಒಂದೇ. ಅವರದು ನಿಲ್ಲಲಿಲ್ಲ, ನಮ್ಮದು ನಿಂತಿತು. ಐಡಿಯಲ್ ಜಾವಾ 1960ರಲ್ಲಿ ಶುರುವಾಗಿ 1996ರಲ್ಲಿ ಮುಚ್ಚಿತು. ಅಲ್ಲಿಂದ 2022ರ ಜನವರಿಯಲ್ಲಿ ಯೆಜ್ಡಿ ಮತ್ತೆ ಬರೋವರೆಗೆ ಇಪ್ಪತ್ತೈದು ವರ್ಷದ ಖಾಲಿ. ಬುಲೆಟ್ ಹಂತ ಹಂತವಾಗಿ ಬದಲಾಯಿತು, ಜನರ ಕಣ್ಣೂ ಅದರ ಜೊತೆಗೇ ಬದಲಾಯಿತು. ಇಲ್ಲಿ 250 ಸಿಸಿ ಟೂ ಸ್ಟ್ರೋಕಿನಿಂದ 334 ಸಿಸಿ ಲಿಕ್ವಿಡ್ ಕೂಲ್ಡಿಗೆ ಒಂದೇ ನೆಗೆತ. ಮಧ್ಯದ ಮೆಟ್ಟಿಲುಗಳೇ ಇಲ್ಲ. ವಿನ್ಯಾಸ ಮಾಡಿದವರನ್ನು ಪೂರ್ತಿ ಬೈಯೋಕೆ ನನಗೆ ಮನಸ್ಸಿಲ್ಲ.

ಇನ್ನೊಂದು. ಈಗಿನ ಜಾವಾ, ಯೆಜ್ಡಿ ಎರಡೂ ತಯಾರಾಗೋದು ಮಧ್ಯಪ್ರದೇಶದ ಪೀಥಂಪುರದಲ್ಲಿ. ಮೈಸೂರಿನಲ್ಲಿ ಅಲ್ಲ. ನಮ್ಮವರಿಗೆ ಇದು ಒಳಗೊಳಗೇ ಚುಚ್ಚುತ್ತದೆ. ಆಮೇಲೆ ಅದನ್ನು ಟ್ಯಾಂಕಿನ ಮೇಲೆ, ಹ್ಯಾಂಡಲ್ ಮೇಲೆ ತೀರಿಸಿಕೊಳ್ಳುತ್ತಾರೆ.

ಹಾಸನದವ
ಟೂ ಸ್ಟ್ರೋಕಿಗೆ ಮಾಲಿನ್ಯದ ಕಾನೂನು ಬಂತಲ್ಲ, ಅದಕ್ಕೇ ಮುಚ್ಚಿದ್ದು ಅಲ್ವಾ?

ಹಳೇ ಕಾರ್ಮಿಕನ ಮಗ
ಅದೊಂದೇ ಅಲ್ಲ. ಎಂಬತ್ತರ ದಶಕದ ಮಧ್ಯದಲ್ಲಿ ಜಪಾನಿನವರ ಜೊತೆ ಸೇರಿ 100 ಸಿಸಿ ಗಾಡಿಗಳು ಬಂದವು. 1985ರಲ್ಲಿ ಹೀರೋ ಹೋಂಡಾ ಸಿಡಿ100, ಅದೇ ವರ್ಷ ಯಮಹಾ ಆರ್‌ಎಕ್ಸ್100. ಒಂದು ಪೆಟ್ರೋಲ್ ಕುಡಿಯೋದೇ ಇಲ್ಲ, ಇನ್ನೊಂದು ಹಾರಿಕೊಂಡು ಹೋಗುತ್ತದೆ. ಮಧ್ಯದಲ್ಲಿ ನಮ್ಮ 250 ಸಿಸಿ, 16 ಬಿಎಚ್‌ಪಿ ಸಿಕ್ಕಿಕೊಂಡಿತು. ಪೆಟ್ರೋಲ್ ಖರ್ಚು ಜಾಸ್ತಿ. 1978ರಲ್ಲಿ ಬಂದ ರೋಡ್‌ಕಿಂಗ್ ಆಮೇಲೆ ದೊಡ್ಡದಾಗಿ ಬದಲಾಗಲೇ ಇಲ್ಲ. ಅಂದರೆ ಹೊಸ ಪೀಳಿಗೆಗೆ ಹೊಸ ವಿನ್ಯಾಸ ಬೇಕು ಅಂತ ಇವತ್ತು ಮಾತಾಡುತ್ತಿದ್ದೇವಲ್ಲ, ಅದು 1985ರಲ್ಲೇ ಆಗಬೇಕಿದ್ದ ಕೆಲಸ.

ಆರ್‌ಎಕ್ಸ್ ರಾಜ
ಯಾರೋ ಆರ್‌ಎಕ್ಸ್ ಅಂದ ಹಾಗಾಯ್ತು.

ಕೆಎ09
ಇಲ್ಲ ಇಲ್ಲ, ಮಲಗಿ.

ಬೋರೇಗೌಡ
ಎಲ್ಲರೂ ಕಾನೂನು ಮರೆತು ಕನಸು ಕಾಣುತ್ತಿದ್ದೀರಿ. 2017ರ ಏಪ್ರಿಲಿನಿಂದ ಹೆಡ್‌ಲೈಟ್ ಸದಾ ಉರಿಯಬೇಕು. 2019ರ ಏಪ್ರಿಲಿನಿಂದ 125 ಸಿಸಿಗಿಂತ ಮೇಲಿನದಕ್ಕೆ ಎಬಿಎಸ್ ಕಡ್ಡಾಯ. 2020ರ ಏಪ್ರಿಲಿನಿಂದ ಬಿಎಸ್6 ಹೊಗೆ ನಿಯಮ. ಸೀರೆ ಗಾರ್ಡ್ ಬೇಕು, ದೊಡ್ಡ ಹಿಂದಿನ ಮಡ್‌ಗಾರ್ಡ್ ಬೇಕು, ನಂಬರ್ ಪ್ಲೇಟಿಗೆ ಜಾಗ ಬೇಕು. ಇಷ್ಟೆಲ್ಲಾ ನೇತುಹಾಕಿದ ಮೇಲೆ ಎಷ್ಟು ಚೆಂದ ಗೆರೆ ಎಳೆದರೂ ಕೊನೆಗೆ ಬರೋದು ಸಂತೆಯಿಂದ ಬರುವ ಟಿವಿಎಸ್ ಹಾಗೆಯೇ.

ಗೆರೆಗಾತಿ
ಕಾನೂನು ನೆಪ ಆಗಬಾರದು ಸರ್. ಕಟ್ಟುಪಾಡು ಎಲ್ಲರಿಗೂ ಒಂದೇ. 2001ರಲ್ಲಿ ಇಂಗ್ಲೆಂಡಿನ ಟ್ರಯಂಫ್‌ನವರು ಬೋನ್‌ವಿಲ್ ಮತ್ತೆ ಮಾಡಿದರು. ಆಮೇಲೆ ಹೊಗೆ ನಿಯಮ ಬಿಗಿಯಾಗಿ ಫ್ಯೂಯಲ್ ಇಂಜೆಕ್ಷನ್ ಹಾಕಲೇಬೇಕಾಯಿತು. ಆಗ ಇಂಜೆಕ್ಷನ್ ಭಾಗಗಳನ್ನು ಕಾರ್ಬೊರೇಟರಿನ ಆಕಾರದಲ್ಲೇ ಮಾಡಿ ಕೂರಿಸಿದರು. ನನಗೆ ಅದು ಸ್ವಲ್ಪ ನಾಟಕ ಅನ್ನಿಸುತ್ತದೆ. ಆದರೂ ಅಷ್ಟು ಸಣ್ಣದಕ್ಕೂ ಯಾರೋ ಕೂತು ತಲೆ ಕೆಡಿಸಿಕೊಂಡಿದ್ದಾರೆ ಅನ್ನೋದು ಕಾಣುತ್ತದೆ.

ಚಾಮುಂಡಿ ಎಕ್ಸ್‌ಪ್ರೆಸ್
ಯಾರೂ ಹೇಳದ ಒಂದು ಸಂಗತಿ: ಕಿಕ್ಕರು! ಹಳೆ ಜಾವಾ, ಯೆಜ್ಡಿಯಲ್ಲಿ ಕಿಕ್ಕರು, ಗೇರ್ ಲಿವರು ಎರಡೂ ಒಂದೇ. ಒಳಗೆ ಒತ್ತಿ, ಮೇಲಕ್ಕೆ ತಿರುಗಿಸಿ, ಕಿಕ್ ಹೊಡೆದು, ಮತ್ತೆ ಕೆಳಗಿಳಿಸಿ ಗೇರ್ ಹಾಕು. ಅದೂ ಎಡಗಾಲಿನ ಕಡೆ. ಗೊತ್ತಿಲ್ಲದವನ ಕೈಗೆ ಗಾಡಿ ಕೊಟ್ಟರೆ ಕಿಕ್ಕರ್ ಎಲ್ಲಿ ಅಂತ ಹುಡುಕುತ್ತಾ ನಿಲ್ಲುತ್ತಿದ್ದ. ಕಳ್ಳರಿಗೂ ಅದೇ ಪಾಡು. ಹಳೆ ಜಾವಾದಲ್ಲಿ ಗೇರ್ ಲಿವರ್ ಒತ್ತಿದರೆ ಕ್ಲಚ್ ತಾನಾಗೇ ಬಿಡುತ್ತಿತ್ತು, ಕೈಯಿಂದ ಹಿಡಿಯೋದೇ ಬೇಡ.

ಇವತ್ತು ಒಂದೊಂದು ದೊಡ್ಡ ಬೈಕಿನಲ್ಲಿ ಕ್ವಿಕ್‌ಶಿಫ್ಟರ್ ಅಂತ ಸಾವಿರಾರು ರೂಪಾಯಿ ತೆಗೆದುಕೊಳ್ಳುತ್ತಾರೆ. ನಮ್ಮಲ್ಲಿ ಅರವತ್ತರ ದಶಕದಲ್ಲೇ ಅಂಥದ್ದೊಂದು ಇತ್ತು ಅಂತ ಜಾಹೀರಾತು ಮಾಡಬಹುದಿತ್ತು. ಹೊಸ ರೋಡ್‌ಕಿಂಗಿಗೆ ಕ್ಲಚ್ ಹಿಡಿಯದೆ ಗೇರ್ ಬದಲಿಸುವ ವ್ಯವಸ್ಥೆ ಕೊಡಲಿ. ಅದು ನಿಜವಾದ ವಂಶ ಅಂತ ನಾನು ಒಪ್ಪುತ್ತೇನೆ. ಕ್ರೋಮ್ ಪಟ್ಟಿ ಅಂಟಿಸೋದು ಸುಮ್ನೆ ವೇಷ.

ಗ್ಯಾರೇಜ್ ಗಿರಿ
ಒಳ್ಳೆ ಮಾತು. ಚೈನ್ ಕವರನ್ನೂ ಸೇರಿಸಿ. ಪೂರ್ತಿ ಮುಚ್ಚಿದ ಚೈನು, ಮಳೆ ಮಣ್ಣು ಯಾವುದೂ ಒಳಗೆ ಹೋಗೋದಿಲ್ಲ. ಎಷ್ಟೋ ಕಾಲ ಬಾಳಿಕೆ ಬರುತ್ತಿತ್ತು. ಈಗಿನ ಗಾಡಿಗಳಲ್ಲಿ ಚೈನ್ ಬೆತ್ತಲೆ, ನಾಲ್ಕು ಮಳೆ ಬಿದ್ದರೆ ಕಿರ್ ಅನ್ನುತ್ತದೆ. ಬಟ್ಟೆ ತೊಡದ ಗಾಡಿ ಅಂದರೆ ಚೈನಿಗೂ ಬಟ್ಟೆ ಬೇಡವೇ?

ರೇಖಾ ಆನ್ ವೀಲ್ಸ್
ಇಲ್ಲಿ ಕಾಮೆಂಟ್ ಹಾಕಿದವರಲ್ಲಿ ಹೊಸದನ್ನು ಓಡಿಸಿದವರು ಎಷ್ಟು ಜನ? ನಾನು ಎರಡನ್ನೂ ಓಡಿಸಿದ್ದೇನೆ. ಮಾವನ ರೋಡ್‌ಕಿಂಗು, ಗೆಳತಿಯ ರೋಡ್‌ಸ್ಟರು.

ಹಳೆಯದು ಚೆಂದ, ಒಪ್ಪಿದೆ. ಆದರೆ ಬ್ರೇಕು? ಮುಂದೂ ಡ್ರಮ್ಮು, ಹಿಂದೂ ಡ್ರಮ್ಮು. ಘಾಟಿ ಇಳಿಯುವಾಗ ಪ್ರಾಣ ಕೈಯಲ್ಲಿ. ಹೆಡ್‌ಲೈಟ್ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ಟ್ರಾಫಿಕ್ಕಿನಲ್ಲಿ ಆಫ್ ಆದರೆ ನಡು ರಸ್ತೆಯಲ್ಲಿ ಲಿವರ್ ತಿರುಗಿಸಿ ಕಿಕ್ ಹೊಡೆಯಬೇಕು, ಹಿಂದೆ ಬಿಎಂಟಿಸಿ ಬಸ್ಸು ಹಾರನ್ ಹೊಡೆಯುತ್ತಿರುತ್ತದೆ. ಹೊಸದರಲ್ಲಿ ಡಿಸ್ಕು, ಎರಡೂ ಚಕ್ರಕ್ಕೆ ಎಬಿಎಸ್ಸು, ಸೆಲ್ಫು. ನನಗೆ ಇದರ ಮೇಲೆ ಜಗಳ ಆಡೋಕೆ ಏನೂ ಇಲ್ಲ.

ನನ್ನ ತಕರಾರು ಒಂದೇ: ತೂಕ. ಹೊಸದು 180 ಕೆಜಿ ದಾಟುತ್ತದೆ. ನನ್ನ ಎತ್ತರಕ್ಕೆ ಓಡುವಾಗ ತೊಂದರೆ ಇಲ್ಲ. ಇಳಿಜಾರಿನಲ್ಲಿ ನಿಲ್ಲಿಸಿದ ಗಾಡಿಯನ್ನು ಹಿಂದಕ್ಕೆ ಎಳೆಯುವಾಗ ಗೊತ್ತಾಗುತ್ತದೆ. ಹಳೆಯದು ಎಷ್ಟೋ ಹಗುರ, ಪಾರ್ಕಿಂಗಿನಲ್ಲಿ ಸೊಂಟದಿಂದ ತಳ್ಳಿ ಜರುಗಿಸುತ್ತಿದ್ದೆ. ಮ್ಯೂನಿಕ್‌ನವರು ಹೇಳಿದ ಮಾನ್‌ಸ್ಟರಿನ ಕಥೆ ಇಲ್ಲಿ ಕೆಲಸಕ್ಕೆ ಬರುತ್ತದೆ. ಅವರು ಅಷ್ಟು ದೊಡ್ಡ ಗಾಡಿಯಿಂದ 18 ಕೆಜಿ ಇಳಿಸಿದರು. 334 ಸಿಸಿ ಗಾಡಿಯಿಂದ ನಮ್ಮವರು ಯಾಕೆ ಇಳಿಸಬಾರದು?

ಬೋರೇಗೌಡ
ಅಲ್ಯೂಮಿನಿಯಂ ಫ್ರೇಮ್ ಹಾಕಿದರೆ ಎರಡು ಲಕ್ಷಕ್ಕೆ ಸಿಗುತ್ತದಾ ಮೇಡಂ?

ರೇಖಾ ಆನ್ ವೀಲ್ಸ್
ಫ್ರೇಮ್ ಬೇಡ, ಲೋಹದ ಅಲಂಕಾರ ಕಡಿಮೆ ಮಾಡಲಿ. "ಗಟ್ಟಿಮುಟ್ಟು" ಅಂತ ಮುಟ್ಟಿ ತೋರಿಸೋಕೆ ಹಾಕಿದ ಕಬ್ಬಿಣವೇ ಎಷ್ಟೋ ಕೆಜಿ ಇರುತ್ತದೆ. ನಮ್ಮ ಗಂಡಸರಿಗೆ ಗಾಡಿಯ ಟ್ಯಾಂಕ್ ತಟ್ಟಿ ನೋಡೋ ಚಟ.

ಟೂಸ್ಟ್ರೋಕ್ ತಾತ
ತಟ್ಟಿ ನೋಡದೆ ಹೇಗೆ ತೆಗೆದುಕೊಳ್ಳೋದು?

ಹಾಸನದವ
ಹೆಸರಿನ ಬಗ್ಗೆ ಕೋರ್ಟಿನಲ್ಲಿ ಏನೋ ನಡೆದಿತ್ತಲ್ಲ, ಅದು ಏನಾಯಿತು?

ಹಳೇ ಕಾರ್ಮಿಕನ ಮಗ
2022ರ ಡಿಸೆಂಬರಿನಲ್ಲಿ ಕರ್ನಾಟಕ ಹೈಕೋರ್ಟಿನ ಏಕಸದಸ್ಯ ಪೀಠ, ಯೆಜ್ಡಿ ಹೆಸರು ಮುಚ್ಚಿಹೋದ ಐಡಿಯಲ್ ಜಾವಾದ ಆಸ್ತಿ ಅಂದಿತು. ಮೇಲ್ಮನವಿ ಹೋಯಿತು. 2025ರ ನವೆಂಬರಿನಲ್ಲಿ ವಿಭಾಗೀಯ ಪೀಠ ಆ ತೀರ್ಪನ್ನು ರದ್ದು ಮಾಡಿತು. ಈಗ ಜಾವಾ, ಯೆಜ್ಡಿ ಮಾಡುವ ಹೊಸ ಕಂಪನಿ ಕ್ಲಾಸಿಕ್ ಲೆಜೆಂಡ್ಸ್ ಪರ ಆಯಿತು. ಆ ಕಂಪನಿಯಲ್ಲಿ ಮಹೀಂದ್ರದವರ ಜೊತೆ ಐಡಿಯಲ್ ಜಾವಾ ಕಟ್ಟಿದ ಇರಾನಿ ಕುಟುಂಬದ ಬೊಮನ್ ಇರಾನಿಯವರೂ ಇದ್ದಾರೆ. ಹೆಸರಿನ ನಂಟು ಅಲ್ಲಿದೆ.

ಶಿವಮೊಗ್ಗ ಸವಾರ
ನಂಟು ಇರಲಿ, ಬಿಡಿಭಾಗ ಸಿಗಲಿ. ನಾನು ಬೇರೊಂದು ಹೊಸ ಗಾಡಿ ತೆಗೆದುಕೊಂಡು ಅನುಭವಿಸಿದವನು, ಕಂಪನಿ ಹೆಸರು ಬೇಡ. ಬ್ರೇಕ್ ಲಿವರ್ ಮುರಿದರೆ ತಿಂಗಳುಗಟ್ಟಲೆ ಕಾಯಿಸಿದರು. ವಿನ್ಯಾಸ ಏನೇ ಇರಲಿ, ಶಿವಮೊಗ್ಗದ ಅಂಗಡಿಯಲ್ಲಿ ಲಿವರ್ ಸಿಗದಿದ್ದರೆ ಅದು ಶೋಕೇಸಿನ ಗಾಡಿ.

ಗ್ಯಾರೇಜ್ ಗಿರಿ
ಇದಕ್ಕೆ ನೂರು ಲೈಕ್.

ಕರೆಂಟ್ ಕಿಟ್ಟಿ
ಎಲೆಕ್ಟ್ರಿಕ್ ಮಾಡಿಬಿಡಿ, ಮುಗೀತು. ರಾಯಲ್ ಎನ್‌ಫೀಲ್ಡಿನವರೇ 2024ರ ನವೆಂಬರಿನಲ್ಲಿ ಮಿಲಾನಿನಲ್ಲಿ ಫ್ಲೈಯಿಂಗ್ ಫ್ಲೀ ತೋರಿಸಿದರು. ಎರಡನೇ ಮಹಾಯುದ್ಧದ ಕಾಲದ ಹಗುರ ಗಾಡಿಯ ಹೆಸರು, ಒಳಗೆ ಬ್ಯಾಟರಿ. ರೋಡ್‌ಕಿಂಗಿನ ಆ ಖಾಲಿ ಜಾಗ ವಾಪಸ್ ಬರುತ್ತದೆ. ರೇಡಿಯೇಟರ್ ಇಲ್ಲ, ಸೈಲೆನ್ಸರ್ ಇಲ್ಲ.

ಟೂಸ್ಟ್ರೋಕ್ ತಾತ
ಸೈಲೆನ್ಸರ್ ಇಲ್ಲದ ಯೆಜ್ಡಿ! ನಾನು ಮಲಗುತ್ತೇನೆ.

ಗೆರೆಗಾತಿ
ಕಿಟ್ಟಿ, ಬ್ಯಾಟರಿಗೂ ಜಾಗ ಬೇಕು, ಅದು ಎಂಜಿನ್ನಿಗಿಂತ ದೊಡ್ಡ ಪೆಟ್ಟಿಗೆ. ಆದರೆ ನಿಮ್ಮ ಮಾತಿನಲ್ಲಿ ಒಂದು ಎಳೆ ಇದೆ. ಎರಡು ಸೈಲೆನ್ಸರಿನ ಜಾಗದಲ್ಲಿ ಎರಡು ಉದ್ದ ಕೊಳವೆ ಬರಬಹುದು, ಒಳಗೆ ಬೇರೇನಾದರೂ ಇರಬಹುದು. ಪಕ್ಕದ ನೋಟದಲ್ಲಿ ಆ ಎರಡು ಅಡ್ಡ ಗೆರೆ ಉಳಿದರೆ ಕಣ್ಣು ಗುರುತಿಸುತ್ತದೆ. ಭಾನುವಾರ ಒಂದು ಸ್ಕೆಚ್ ಹಾಕುತ್ತೇನೆ. ಪೆಟ್ರೋಲಿನದೇ ಮೊದಲು, ತಾತನವರು ಎದ್ದ ಮೇಲೆ ಬ್ಯಾಟರಿಯದು.

ಯಾದವಗಿರಿ ಹುಡುಗ
ಎಲ್ಲರಿಗೂ ಥ್ಯಾಂಕ್ಸ್. ಚಾಮುಂಡಿಯವರ ಕ್ಲಚ್ ಮಾತು, ರೇಖಾ ಅವರ ತೂಕದ ಮಾತು ಎರಡೂ ನನಗೆ ಹಿಡಿಸಿದವು. ಟ್ಯಾಂಕಿಗಿಂತ ಅದೇ ದೊಡ್ಡದು ಅನ್ನಿಸುತ್ತಿದೆ. ತಂಗಿ ಹೋದವಾರ ಬುಕ್ ಮಾಡಿದಳು, ಅಪ್ಪನನ್ನು ಕೇಳಲಿಲ್ಲ.

ಅಂದ ಹಾಗೆ ಗಿರಿಯಣ್ಣ, ನಮ್ಮ ರೋಡ್‌ಕಿಂಗಿನ ಚೈನ್ ಕವರಿನ ಕೆಳಗಿನ ಅರ್ಧ ತುಕ್ಕು ಹಿಡಿದು ತೂತಾಗಿದೆ. ಎಲ್ಲಾದರೂ ಸಿಗುತ್ತದಾ?

ಗ್ಯಾರೇಜ್ ಗಿರಿ
ನನ್ನ ಹತ್ತಿರ ಮೇಲಿನ ಅರ್ಧ ಮೂರು ಇವೆ. ಕೆಳಗಿನದು ಇಡೀ ಮೈಸೂರೇ ಹುಡುಕುತ್ತಿದೆ.

ಆರ್‌ಎಕ್ಸ್ ರಾಜ
ನನ್ನ ಹತ್ತಿರ ಒಂದಿದೆ. ಆದರೆ ಮೊದಲು ಆರ್‌ಎಕ್ಸ್ ಬಗ್ಗೆ ನಾಲ್ಕು ಒಳ್ಳೆ ಮಾತು ಬರೆಯಿರಿ, ಆಮೇಲೆ ರೇಟ್ ಹೇಳುತ್ತೇನೆ.